ಮೇರಿಲ್ಯಾಂಡ್ ದಡದ ಹಲ್ಲು, ನಮ್ಮ ಕಡಲಿನ ಮೀನು

ಹೋದ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಪಾರ್ಕಿನಲ್ಲಿ ಕಾರು ನಿಲ್ಲಿಸಿದಾಗ ಹೊರಗೆ ಕೊರೆಯುವ ಚಳಿ. ಆದರೆ ಹಿಂದಿನ ಎರಡು ದಿನ ವಾಯವ್ಯದ ಗಾಳಿ ಜೋರಾಗಿ ಬೀಸಿತ್ತು. ಹಾಗೆ ಬೀಸಿದಾಗ ಚೆಸಾಪೀಕ್ ಕೊಲ್ಲಿಯ ನೀರು ಕಡಲಿನ ಕಡೆಗೆ ಸರಿಯುತ್ತದೆ. ಬೇರೆ ದಿನ ನೀರಿನಡಿ ಇರುವ ಜಲ್ಲಿಯ ಒಂದು ಪಟ್ಟಿ ಮೇಲೆ ಬರುತ್ತದೆ. ಅಂಥ ದಿನ ಮನೆಯಲ್ಲಿ ಕೂತಿರೋದು ನನ್ನ ಕೈಲಿ ಆಗೋದಿಲ್ಲ. ಥರ್ಮಾಸಿನಲ್ಲಿ ಕಾಫಿ, ಜೇಬಿನಲ್ಲಿ ಎರಡು ಪ್ಲಾಸ್ಟಿಕ್ ಡಬ್ಬಿ, ಒಂದು ಪೆನ್ಸಿಲ್, ಚಿಕ್ಕ ನೋಟ್‌ಬುಕ್. ಇಷ್ಟೇ ಸಾಮಾನು.

ಇದು ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕಾಲ್ವರ್ಟ್ ಕ್ಲಿಫ್ಸ್. ಕಾಡಿನೊಳಗೆ 1.8 ಮೈಲಿ ನಡೆದರೆ ದಡ ಸಿಗುತ್ತದೆ. ಎರಡೂ ಪಕ್ಕದಲ್ಲಿ ಮಣ್ಣಿನ ಗೋಡೆ ಎದ್ದು ನಿಂತಿದೆ, ಕೆಲವು ಕಡೆ ನೂರು ಅಡಿಯಷ್ಟು ಎತ್ತರ. ಬಂಡೆ ಅನ್ನೋಕೆ ಆಗೋದಿಲ್ಲ, ಗಟ್ಟಿಯಾದ ಮರಳು ಮತ್ತು ಜೇಡಿ. ಸುಮಾರು 1.8 ಕೋಟಿ ವರ್ಷದಿಂದ 80 ಲಕ್ಷ ವರ್ಷದ ಹಿಂದಿನವರೆಗೆ ಇಲ್ಲೊಂದು ಬೆಚ್ಚಗಿನ, ಆಳವಿಲ್ಲದ ಕಡಲು ಇತ್ತು. ಆ ಕಡಲಿನ ತಳವೇ ಈ ಗೋಡೆ. ಮಳೆ, ಅಲೆ, ಹಿಮ ಸೇರಿ ಇದನ್ನು ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಕೆಡವುತ್ತವೆ. ಕುಸಿದದ್ದನ್ನು ಅಲೆ ತೊಳೆಯುತ್ತದೆ, ಮಣ್ಣು ಹೋಗುತ್ತದೆ, ಹಲ್ಲು ಉಳಿಯುತ್ತದೆ.

ಹಲ್ಲು ಅಂದರೆ ಶಾರ್ಕ್ ಹಲ್ಲು. ನಮ್ಮೂರು ಗಂಗೊಳ್ಳಿ ಕಡೆ. ಅಲ್ಲಿ ಶಾರ್ಕ್ ಅಂದರೆ ತಾಟೆ. ಚಿಕ್ಕಂದಿನಲ್ಲಿ ಬಂದರಿನಲ್ಲಿ ಬುಟ್ಟಿ ಬುಟ್ಟಿ ತಾಟೆ ನೋಡಿದ್ದೇನೆ, ಗಸಿ ಮಾಡಿದ್ದನ್ನು ತಿಂದಿದ್ದೇನೆ. ಆದರೆ ಅದರ ಬಾಯಿ ತೆರೆದು ಹಲ್ಲು ಹೇಗಿದೆ ಅಂತ ಒಂದು ಸಲವೂ ನೋಡಿರಲಿಲ್ಲ. ಕೆಲಸಕ್ಕೆ ಅಂತ ಈ ದೇಶಕ್ಕೆ ಬಂದು, ಯಾವುದೋ ರಜೆಯ ದಿನ ಮಕ್ಕಳನ್ನು ದಡಕ್ಕೆ ಕರಕೊಂಡು ಹೋಗಿ, ಅಲ್ಲಿ ಮಗಳು ಕೈಯಲ್ಲಿಟ್ಟ ಒಂದು ಕಪ್ಪು ತ್ರಿಕೋನವನ್ನು ನೋಡಿದ ಮೇಲೆ ಶುರುವಾದ ಹುಚ್ಚು ಇದು. ಈಗ ಎಂಟು ವರ್ಷ ಆಯಿತು.

ಹಲ್ಲೇ ಯಾಕೆ ಸಿಗುತ್ತದೆ, ಉಳಿದ ಮೀನು ಎಲ್ಲಿ ಅಂತ ಎಲ್ಲರೂ ಕೇಳುತ್ತಾರೆ. ಶಾರ್ಕಿನ ಅಸ್ಥಿಪಂಜರ ಮೆದು ಮೂಳೆಯದ್ದು, ನಮ್ಮ ಮೂಗಿನ ತುದಿಯಲ್ಲಿ ಇರುತ್ತದಲ್ಲ ಆ ಥರ. ಸತ್ತ ಮೇಲೆ ಅದು ಬೇಗ ಕೊಳೆತು ಹೋಗುತ್ತದೆ. ಹಲ್ಲು ಮಾತ್ರ ಗಟ್ಟಿ. ಅದೂ ಅಲ್ಲದೆ ಶಾರ್ಕಿಗೆ ನಮ್ಮ ಹಾಗೆ ಒಂದು ಸಾಲು, ಅದೂ ಎರಡೇ ಸಲ ಅನ್ನೋ ಲೆಕ್ಕ ಇಲ್ಲ. ದವಡೆಯ ಒಳಗೆ ಸಾಲಿನ ಹಿಂದೆ ಸಾಲು ತಯಾರಾಗುತ್ತಲೇ ಇರುತ್ತದೆ, ಮುಂದಿನದು ಉದುರಿದರೆ ಹಿಂದಿನದು ಮುಂದೆ ಬರುತ್ತದೆ. ಒಂದು ಶಾರ್ಕ್ ತನ್ನ ಬದುಕಿನಲ್ಲಿ ಸಾವಿರಾರು ಹಲ್ಲು ಉದುರಿಸುತ್ತದೆ. ಲಕ್ಷಾಂತರ ವರ್ಷ ಲೆಕ್ಕ ಹಾಕಿ ನೋಡಿ, ಕಡಲಿನ ತಳದಲ್ಲಿ ಎಷ್ಟು ಸೇರಿರಬಹುದು ಅಂತ.

ಉದುರುವಾಗ ಅದು ಬಿಳಿಯೇ. ಕೆಸರಿನಲ್ಲಿ ಹೂತು ಹೋದ ಮೇಲೆ ಸುತ್ತಲಿನ ಖನಿಜ ಒಳಗೆ ಇಳಿದು ಬಣ್ಣ ಬದಲಾಗುತ್ತದೆ. ಕಾಲ್ವರ್ಟ್‌ನಲ್ಲಿ ಹೆಚ್ಚಿನವು ಬೂದು, ಕಪ್ಪು, ಕೆಲವು ಮಾತ್ರ ಜೇನಿನ ಬಣ್ಣ. ಬಣ್ಣ ನೋಡಿ ವಯಸ್ಸು ಹೇಳೋಕೆ ಆಗೋದಿಲ್ಲ. ಯಾವ ಮಣ್ಣಿನಲ್ಲಿ ಮಲಗಿತ್ತು ಅನ್ನೋದನ್ನಷ್ಟೇ ಬಣ್ಣ ಹೇಳುತ್ತದೆ.

ಹೊಸಬರು ದಡದಲ್ಲಿ ನಿಂತು ದೂರ ನೋಡುತ್ತಾರೆ. ದೂರ ನೋಡಿದರೆ ಏನೂ ಸಿಗೋದಿಲ್ಲ. ಕಾಲಿನ ಮುಂದೆ ಮೂರು ಅಡಿ, ಅಷ್ಟೇ ನಿಮ್ಮ ಪ್ರಪಂಚ. ಅಲೆ ಬಂದು ವಾಪಸ್ ಹೋದ ಆ ಒಂದು ಕ್ಷಣ ಜಲ್ಲಿ ಒದ್ದೆಯಾಗಿ ಹೊಳೆಯುತ್ತದೆ. ಕಲ್ಲಿನ ಹೊಳಪು ಒಂದು ಥರ, ಹಲ್ಲಿನ ಹೊಳಪು ಇನ್ನೊಂದು ಥರ. ಹಲ್ಲಿನದು ಎಣ್ಣೆ ಹಚ್ಚಿದ ಹಾಗೆ ಇರುತ್ತದೆ. ಅದನ್ನು ಮಾತಿನಲ್ಲಿ ಹೇಳಿ ಕಲಿಸೋದು ಕಷ್ಟ. ಹತ್ತು ಹಲ್ಲು ಸಿಕ್ಕ ಮೇಲೆ ಕಣ್ಣು ತಾನೇ ಕಲಿಯುತ್ತದೆ. ಒಂದೇ ಗಾತ್ರದ ಜಲ್ಲಿ ಸೇರಿರುವ ಪಟ್ಟಿ ನೋಡಿ. ನೀರು ಕಲ್ಲುಗಳನ್ನು ತೂಕ ನೋಡಿಯೇ ವಿಂಗಡಿಸುತ್ತದೆ, ಹಾಗಾಗಿ ಒಂದು ಹಲ್ಲು ಸಿಕ್ಕ ಕಡೆ ಅದೇ ಅಳತೆಯ ಇನ್ನೊಂದು ಸಿಗುವ ಸಾಧ್ಯತೆ ಜಾಸ್ತಿ. ನಾನಂತೂ ಒಂದು ಸಿಕ್ಕಿದರೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಅರ್ಧ ಗಂಟೆ ಏಳೋದಿಲ್ಲ.

ಎಲ್ಲರಿಗೂ ಬೇಕಾಗಿರೋದು ಮೆಗಲೊಡಾನ್, ಅಳಿದು ಹೋದ ದೈತ್ಯ ಶಾರ್ಕ್. ಅರ್ಥ ಆಗುತ್ತದೆ. ಅಂಗೈ ತುಂಬುವ ಹಲ್ಲು, ಯಾರಿಗೆ ಬೇಡ? 2022ರ ಕ್ರಿಸ್‌ಮಸ್ ದಿನ ಇದೇ ಕಾಲ್ವರ್ಟ್ ದಡದಲ್ಲಿ 9 ವರ್ಷದ ಒಬ್ಬಳು ಹುಡುಗಿಗೆ 5 ಇಂಚಿನ ಮೆಗಲೊಡಾನ್ ಹಲ್ಲು ಸಿಕ್ಕಿ ಪೇಪರುಗಳಲ್ಲೆಲ್ಲ ಬಂದಿತ್ತು. ಆ ಚಳಿಯಲ್ಲಿ ಮೊಣಕಾಲಿನವರೆಗೆ ನೀರಿಗಿಳಿದು ಹುಡುಕಿದ ಮಗು ಅದು, ಅವಳಿಗೆ ಸಿಗಲೇಬೇಕಿತ್ತು. ನನಗೆ ಎಂಟು ವರ್ಷದಲ್ಲಿ ಸಿಕ್ಕಿದ್ದು ಒಂದು ತುಂಡು, ಹೆಬ್ಬೆರಳಿನ ಉಗುರಿನಷ್ಟು. ಆದರೂ ಅದು ಮೆಗಲೊಡಾನ್ ಅಂತ ಹೇಳಬಲ್ಲೆ. ಅಂಚಿನಲ್ಲಿ ಸಣ್ಣ ಗರಗಸದ ಕಚ್ಚುಗಳು ಒಂದೇ ಸಮ ಇವೆ. ಹಲ್ಲಿನ ಮೈ ಮುಗಿದು ಬೇರು ಶುರುವಾಗುವ ಜಾಗದಲ್ಲಿ ಬೇರೆ ಬಣ್ಣದ ಒಂದು ಪಟ್ಟಿ ಇದೆ. ಆ ಪಟ್ಟಿ ಕಂಡರೆ ಆ ವಂಶದ್ದೇ.

ನನಗೆ ಇಷ್ಟ ಆಗಿರೋದು ಚಿಕ್ಕವು. ಕಾಲು ಇಂಚು, ಅರ್ಧ ಇಂಚು. ಜನ ಇವನ್ನು ತೆಗೆದು ನೋಡಿ ಮತ್ತೆ ನೀರಿಗೆ ಎಸೆಯುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ.

ಮನೆಯಲ್ಲಿ ಅಮ್ಮ ಕಳಿಸಿದ ಸ್ಟೀಲಿನ ಮಸಾಲೆ ಡಬ್ಬಿ ಒಂದು ಇತ್ತು, ಏಳು ಬಟ್ಟಲಿನದು. ಅದರಲ್ಲೇ ವಿಂಗಡಿಸುತ್ತೇನೆ. ಮೊದಲು ಎರಡು ದಿನ ಬರೀ ನೀರಿನಲ್ಲಿ ನೆನೆಸಿಡುತ್ತೇನೆ, ಉಪ್ಪು ಬಿಡಲಿ ಅಂತ. ಹಳೇ ಟೂತ್‌ಬ್ರಶ್‌ನಲ್ಲಿ ಮೆಲ್ಲಗೆ ಉಜ್ಜಿ, ನೆರಳಲ್ಲಿ ಒಣಗಿಸುತ್ತೇನೆ. ಆಮೇಲೆ ಲೆನ್ಸ್, ಹತ್ತು ಪಟ್ಟು ದೊಡ್ಡದು ಮಾಡೋದು. ಒಡವೆ ಅಂಗಡಿಯವರು ಕಣ್ಣಿಗೆ ಇಟ್ಟುಕೊಳ್ಳುತ್ತಾರಲ್ಲ, ಅದೇ.

ಮೊದಲ ಬಟ್ಟಲು ಬೇಗ ತುಂಬುತ್ತದೆ. ಅದು ಕಾರ್ಕರೈನಸ್ ಕುಲದ ಶಾರ್ಕುಗಳದ್ದು. ಇವುಗಳ ಮೇಲಿನ ಹಲ್ಲು ಅಗಲದ ತ್ರಿಕೋನ, ಅಂಚಿಗೆ ಕಚ್ಚು. ಕೆಳಗಿನದು ಸಪೂರ, ಇಂಗ್ಲಿಷಿನ ಟೀ ಅಕ್ಷರ ತಲೆಕೆಳಗೆ ನಿಂತ ಹಾಗೆ. ಮೇಲಿನದು ಕತ್ತರಿಸೋಕೆ, ಕೆಳಗಿನದು ಹಿಡಿಯೋಕೆ. ಚಾಕು ಮತ್ತು ಫೋರ್ಕ್ ಅಂದುಕೊಳ್ಳಿ. ಒಂದೇ ಮೀನಿನ ಬಾಯಲ್ಲಿ ಎರಡು ಥರದ ಹಲ್ಲು ಇರುತ್ತದೆ ಅನ್ನೋ ಈ ಒಂದು ವಿಷಯ ಗೊತ್ತಿಲ್ಲದೆ ನಾನು ಮೊದಲ ವರ್ಷ ಒಂದೇ ಜಾತಿಗೆ ಎರಡೆರಡು ಹೆಸರು ಕೊಟ್ಟು ಬರೆದಿಟ್ಟಿದ್ದೆ.

ಟೈಗರ್ ಶಾರ್ಕಿನದು ಸುಲಭ. ಹುಂಜದ ಜುಟ್ಟಿನ ಹಾಗೆ ಒಂದು ಕಡೆಗೆ ಬಾಗಿದೆ, ಬೆನ್ನಿನಲ್ಲಿ ಆಳವಾದ ಕಚ್ಚು. ಇದರ ಜೊತೆ ಗೊಂದಲ ಮಾಡೋದು ಫೈಸೊಗೇಲಿಯಸ್ ಕಂಟಾರ್ಟಸ್. ಅದು ಅಳಿದು ಹೋಗಿದೆ. ಅದರ ಮೊನೆ ತಿರುಚಿಕೊಂಡಿರುತ್ತದೆ. ಮೇಜಿನ ಮೇಲಿಟ್ಟು ಪಕ್ಕದಿಂದ ನೋಡಿದರೆ ತಿರುವು ಕಾಣುತ್ತದೆ, ಎದುರಿನಿಂದ ನೋಡಿದರೆ ಮೋಸ ಹೋಗುತ್ತೀರಿ.

ಕಾರ್ಕರೋಡಾನ್ ಹಸ್ಟಾಲಿಸ್ ಹಲ್ಲು ದೊಡ್ಡದು, ಚಪ್ಪಟೆ, ಅಂಚು ನುಣ್ಣಗೆ, ಕಚ್ಚೇ ಇಲ್ಲ. ಇದು ಈಗಿನ ಗ್ರೇಟ್ ವೈಟ್ ಶಾರ್ಕಿನ ಪೂರ್ವಜ. ಮೊದಲು ಇದನ್ನು ಮಾಕೊ ಶಾರ್ಕ್ ಅಂತ ಕರೆಯುತ್ತಿದ್ದರು. ಆಮೇಲೆ ಪೆರು ದೇಶದಲ್ಲಿ ನಡುವಿನ ರೂಪ ಸಿಕ್ಕಿತು, ಅಂಚಿನಲ್ಲಿ ಕಚ್ಚು ಆಗ ತಾನೇ ಶುರುವಾಗಿದ್ದು. ಅದಕ್ಕೆ 2012ರಲ್ಲಿ ಕಾರ್ಕರೋಡಾನ್ ಹಬೆಲ್ಲಿ ಅಂತ ಹೆಸರಿಟ್ಟರು. ನುಣ್ಣನೆಯ ಅಂಚು, ಅರ್ಧಂಬರ್ಧ ಕಚ್ಚು, ಪೂರ್ತಿ ಗರಗಸ. ಮೂರನ್ನೂ ಪಕ್ಕಪಕ್ಕ ಇಟ್ಟ ಚಿತ್ರ ನೋಡಿದ ದಿನ ನನಗೆ ನಿದ್ದೆ ಬರಲಿಲ್ಲ, ನಿಜವಾಗಿ.

ತೊರಕೆಯ, ಅಂದರೆ ಇಂಗ್ಲಿಷಿನ ರೇ ಮೀನಿನ ಹಲ್ಲು ಯಾರೂ ಎತ್ತಿಕೊಳ್ಳೋದಿಲ್ಲ. ಅದು ತ್ರಿಕೋನವೇ ಅಲ್ಲ. ಕಪ್ಪು ಕಡ್ಡಿಯ ತುಂಡಿನ ಹಾಗಿರುತ್ತದೆ, ಒಂದು ಬದಿ ನುಣ್ಣಗೆ, ಇನ್ನೊಂದು ಬದಿ ಬಾಚಣಿಗೆಯ ಹಲ್ಲಿನ ಹಾಗೆ ಗೀರು ಗೀರು. ಅಂಥ ಕಡ್ಡಿಗಳು ಹೆಂಚು ಜೋಡಿಸಿದ ಹಾಗೆ ಸೇರಿ ತೊರಕೆಯ ಬಾಯಲ್ಲಿ ಒಂದು ಅರೆಯುವ ಕಲ್ಲು ಆಗುತ್ತದೆ. ಚಿಪ್ಪನ್ನು ಪುಡಿ ಮಾಡೋಕೆ. ಬಾಚಣಿಗೆಯ ಬದಿ ಬೇರು.

ಏಳನೇ ಬಟ್ಟಲು ಗೊತ್ತಾಗದವುಗಳದ್ದು. ಆ ಬಟ್ಟಲು ಯಾವಾಗಲೂ ಖಾಲಿಯಾಗಬಾರದು ಅಂತ ನನ್ನ ಆಸೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೂರನೇ ಬಟ್ಟಲು.

2019ರ ನವೆಂಬರಿನಲ್ಲಿ ನನಗೊಂದು ಹಲ್ಲು ಸಿಕ್ಕಿತು. ಮುಕ್ಕಾಲು ಇಂಚು, ಸಪೂರ, ಮುಳ್ಳಿನ ಹಾಗೆ ಚೂಪು, ಸ್ವಲ್ಪ ಒಳಕ್ಕೆ ಬಾಗಿದೆ. ಬುಡದಲ್ಲಿ ಚಿಕ್ಕ ಚಿಕ್ಕ ಮೊನೆಗಳು. ಪುಸ್ತಕ ನೋಡಿದೆ. ಸಪೂರ ಹಲ್ಲು, ಪಕ್ಕದಲ್ಲಿ ಚಿಕ್ಕ ಮೊನೆ, ಅಂದರೆ ಸ್ಯಾಂಡ್ ಟೈಗರ್ ಅನ್ನೋ ಬೇರೆ ಶಾರ್ಕ್. ಚೀಟಿ ಬರೆದೆ: ಸ್ಯಾಂಡ್ ಟೈಗರ್, ಕಾಲ್ವರ್ಟ್ ಕ್ಲಿಫ್ಸ್ ಪಾರ್ಕಿನ ದಡ, ತಾರೀಕು. ಎರಡನೇ ಬಟ್ಟಲಿಗೆ ಹಾಕಿ ಮರೆತುಬಿಟ್ಟೆ.

ಎರಡು ಚಳಿಗಾಲ ಕಳೆದ ಮೇಲೆ, ಹೊರಗೆ ಹಿಮ ಬಿದ್ದು ಎಲ್ಲಿಗೂ ಹೋಗೋಕೆ ಆಗದ ದಿನ, ಸುಮ್ನೆ ಎರಡನೇ ಬಟ್ಟಲನ್ನು ಬಿಳಿ ಹಾಳೆಯ ಮೇಲೆ ಸುರಿದು ಒಂದೊಂದೇ ಮಗುಚಿ ನೋಡುತ್ತಿದ್ದೆ. ಮಗುಚಿ ಅಂದರೆ, ಬೇರಿನ ಕಡೆ ಮೇಲೆ ಬರುವ ಹಾಗೆ. ಅಲ್ಲಿಯವರೆಗೆ ನಾನು ನೋಡುತ್ತಿದ್ದದ್ದು ಬರೀ ಮೊನೆ. ಸ್ಯಾಂಡ್ ಟೈಗರಿನ ಬೇರು ಕವಣೆಯ ಕವೆಯ ಹಾಗೆ ಎರಡು ಕಡೆ ಉದ್ದಕ್ಕೆ ಚಾಚಿರುತ್ತದೆ. ಪಕ್ಕದ ಚಿಕ್ಕ ಮೊನೆಗಳು ಬೇರೆಯಾಗಿ ನಿಂತಿರುತ್ತವೆ, ಒಂದೊಂದು ಕಡೆ ಒಂದೋ ಎರಡೋ. ಇದು ಹಾಗಿರಲಿಲ್ಲ. ಬೇರು ಗಿಡ್ಡ, ಒಳಬದಿಯಲ್ಲಿ ದಪ್ಪಗೆ ಉಬ್ಬಿಕೊಂಡಿದೆ, ಆ ಉಬ್ಬಿನ ಮಧ್ಯ ಒಂದು ಗೀರು. ಬುಡದ ಮೊನೆಗಳನ್ನು ಲೆನ್ಸಿನಲ್ಲಿ ಎಣಿಸಿದೆ. ಒಂದು ಕಡೆ ಮೂರು, ಇನ್ನೊಂದು ಕಡೆ ನಾಲ್ಕು, ಎಲ್ಲ ಹಲ್ಲಿನ ಮೈಗೇ ಅಂಟಿಕೊಂಡು, ಹಲಸಿನ ಮುಳ್ಳಿನ ಹಾಗೆ.

ಮುಂದಿನ ವಾರ ಸಾಲೊಮನ್ಸ್ ಊರಿನ ಕಾಲ್ವರ್ಟ್ ಮರೀನ್ ಮ್ಯೂಸಿಯಂಗೆ ಹೋಗಿ ಗಾಜಿನ ಪೆಟ್ಟಿಗೆಯ ಮುಂದೆ ಫೋಟೊ ಹಿಡಿದು ನಿಂತೆ. ಅದು ಹೆಮಿಪ್ರಿಸ್ಟಿಸ್ ಸೆರಾ, ಅಳಿದು ಹೋದ ಒಂದು ಶಾರ್ಕ್. ಕೆಳದವಡೆಯ ಮುಂದಿನ ಹಲ್ಲು.

ಹೆಮಿಪ್ರಿಸ್ಟಿಸ್ ನನಗೆ ಹೊಸದಲ್ಲ. ಅದರ ಮೇಲಿನ ಹಲ್ಲು ನನ್ನ ಮೂರನೇ ಬಟ್ಟಲಿನಲ್ಲಿ ಹದಿನೈದೋ ಇಪ್ಪತ್ತೋ ಇದ್ದವು. ಆ ಮೇಲಿನ ಹಲ್ಲನ್ನು ಒಮ್ಮೆ ನೋಡಿದವರು ಮರೆಯೋದಿಲ್ಲ. ಕುಡುಗೋಲಿನ ಹಾಗೆ ಬಾಗಿದೆ, ಅಂಚಿನಲ್ಲಿ ದೊಡ್ಡ ದೊಡ್ಡ ಗರಗಸದ ಹಲ್ಲು, ಆದರೆ ತುದಿಗೆ ಬರುವಷ್ಟರಲ್ಲಿ ಗರಗಸ ನಿಂತು ತುದಿ ನುಣ್ಣಗಾಗುತ್ತದೆ. ಈ ಕುಡುಗೋಲು ಮತ್ತು ಆ ಮುಳ್ಳು ಒಂದೇ ಬಾಯಿಯವು ಅಂತ ಗೊತ್ತಾದಾಗ ಒಂದು ಮೀನಿನ ಮುಖವೇ ಕಣ್ಣೆದುರು ಬಂತು. ಕೆಳಗಿನ ಮುಳ್ಳಿನಲ್ಲಿ ಚುಚ್ಚಿ ಹಿಡಿಯೋದು, ಮೇಲಿನ ಕುಡುಗೋಲಿನಲ್ಲಿ ಕೊಯ್ಯೋದು.

ಆಮೇಲೆ ಅದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಈ ಹೆಮಿಪ್ರಿಸ್ಟಿಸ್ ಸೆರಾಗೆ ಹೆಸರು ಕೊಟ್ಟದ್ದು ಲೂಯಿ ಅಗಾಸಿ ಅನ್ನೋ ವಿಜ್ಞಾನಿ, ಹತ್ತೊಂಬತ್ತನೇ ಶತಮಾನದ ಮೊದಲ ಅರ್ಧದಲ್ಲಿ, ಬರೀ ಪಳೆಯುಳಿಕೆ ಹಲ್ಲು ನೋಡಿ. ಇದೇ ಕುಲದ ಜೀವಂತ ಮೀನಿನ ವಿವರಣೆ ವಿಜ್ಞಾನಕ್ಕೆ ಬಂದದ್ದು 1871ರಲ್ಲಿ, ಕೆಂಪು ಸಮುದ್ರದಿಂದ. ಹಲ್ಲು ಮೊದಲು, ಮೀನು ಆಮೇಲೆ. ಅಟ್ಲಾಂಟಿಕ್‌ನಲ್ಲಿ ಈ ಕುಲ ಪೂರ್ತಿ ಅಳಿದು ಹೋಗಿದೆ. ಇಡೀ ಪ್ರಪಂಚದಲ್ಲಿ ಈಗ ಉಳಿದಿರೋದು ಒಂದೇ ಜಾತಿ, ಹೆಮಿಪ್ರಿಸ್ಟಿಸ್ ಎಲಾಂಗೇಟಾ. ಅದು ಇರುವ ಜಾಗ ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಪೆಸಿಫಿಕ್. ಅದರಲ್ಲಿ ನಮ್ಮ ಅರಬ್ಬೀ ಸಮುದ್ರವೂ ಸೇರಿದೆ. ಎಂಟು ಅಡಿ ಹತ್ತಿರ ಬೆಳೆಯುತ್ತದೆ. ಬಾಯಿ ಮುಚ್ಚಿದ್ದಾಗಲೂ ಕೆಳಗಿನ ಮುಳ್ಳು ಹಲ್ಲುಗಳು ಹೊರಗೆ ಚಾಚಿಕೊಂಡಿರುತ್ತವೆ.

ಇದನ್ನು ಓದಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಮೇರಿಲ್ಯಾಂಡಿನ ಚಳಿಯಲ್ಲಿ ಕೈ ಮರಗಟ್ಟಿಸಿಕೊಂಡು ನಾನು ಹೆಕ್ಕಿದ ಹಲ್ಲಿನ ವಂಶದಲ್ಲಿ ಉಳಿದಿರುವ ಕೊನೆಯ ನೆಂಟ ನಾನು ಹುಟ್ಟಿ ಬೆಳೆದ ಕಡಲಿನಲ್ಲಿ ಈಜುತ್ತಿದೆ! ಗಂಗೊಳ್ಳಿ ಬಂದರಿನ ಬುಟ್ಟಿಗಳಲ್ಲಿ ಅದೂ ಬಂದಿರಬಹುದು, ನಾನು ಅದರ ಪಕ್ಕದಲ್ಲೇ ದಾಟಿ ಶಾಲೆಗೆ ಹೋಗಿರಬಹುದು.

ಹಾಗಾದರೆ ನಮ್ಮ ದಡದಲ್ಲೂ ಹೀಗೆ ಹಳೇ ಹಲ್ಲು ಸಿಗುತ್ತದಾ ಅಂತ ಅಣ್ಣ ಫೋನಿನಲ್ಲಿ ಕೇಳಿದ. ಸಿಗೋದಿಲ್ಲ. ಕರ್ನಾಟಕದ ನೆಲ ತೀರಾ ಹಳೇದು. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಆ ಕಾಲಕ್ಕೆ ಶಾರ್ಕ್ ಇರಲಿ, ಮೀನೇ ಹುಟ್ಟಿರಲಿಲ್ಲ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪ ಲಾವಾ ಆರಿ ಆದದ್ದು, ಅದರಲ್ಲೂ ಹಲ್ಲು ಇರೋದಿಲ್ಲ. ಇಲ್ಲಿ ಕಾಲ್ವರ್ಟ್‌ನ ಮೂರು ಮುಖ್ಯ ಪದರಗಳಲ್ಲಿ ಮೇಲಿನದಕ್ಕೂ ಸೇಂಟ್ ಮೇರೀಸ್ ಅಂತಲೇ ಹೆಸರು. ಕಾಕತಾಳೀಯ, ಆದರೂ ಮೊದಲ ಸಲ ಓದಿದಾಗ ಊರಿನ ನೆನಪಾಗಿ ಖುಷಿಯಾಗಿತ್ತು. ಕಡಲಿನ ತಳದ ಮಣ್ಣು ನೆಲವಾಗಿ ಮೇಲೆ ಬಂದಿರುವ ಜಾಗ ಬೇಕು. ನಮ್ಮ ದೇಶದಲ್ಲಿ ಒಡಿಶಾದ ಬಾರಿಪದಾ, ಗುಜರಾತಿನ ಕಛ್, ಇನ್ನೂ ಹಳೇ ಕಾಲದ್ದಾದರೆ ತಮಿಳುನಾಡಿನ ಅರಿಯಲೂರು, ಅಲ್ಲೆಲ್ಲ ಶಾರ್ಕ್ ಹಲ್ಲುಗಳ ಪಳೆಯುಳಿಕೆ ಸಿಕ್ಕಿವೆ.

ಈ ಹಲ್ಲುಗಳು ಹಲ್ಲು ಅಂತಲೇ ಜನ ಒಪ್ಪೋಕೆ ಎಷ್ಟು ಕಾಲ ಬೇಕಾಯಿತು ಅನ್ನೋದೂ ದೊಡ್ಡ ಕಥೆ. ಯುರೋಪಿನಲ್ಲಿ ಇವನ್ನು ನಾಲಿಗೆ ಕಲ್ಲು ಅನ್ನುತ್ತಿದ್ದರು. ಕಲ್ಲಾಗಿ ಹೋದ ಹಾವಿನ ನಾಲಿಗೆ ಅಂತ ನಂಬಿ, ವಿಷಕ್ಕೆ ಮದ್ದು ಅಂತ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು. 1666ರಲ್ಲಿ ಇಟಲಿಯ ಲಿವೊರ್ನೊ ಹತ್ತಿರ ಮೀನುಗಾರರು ಒಂದು ದೊಡ್ಡ ಶಾರ್ಕ್ ಹಿಡಿದರು. ಅದರ ತಲೆ ಫ್ಲಾರೆನ್ಸಿನಲ್ಲಿದ್ದ ನಿಕೊಲಸ್ ಸ್ಟೆನೊ ಅನ್ನೋ ಅಂಗರಚನಾ ತಜ್ಞನ ಹತ್ತಿರ ಬಂತು. ಅವನು ಕೊಯ್ದು ನೋಡಿ, ಈ ಹಲ್ಲು ಮತ್ತು ಆ ನಾಲಿಗೆ ಕಲ್ಲು ಒಂದೇ ಅಂತ 1667ರಲ್ಲಿ ಬರೆದ. ಅವನಿಗಿಂತ ಐವತ್ತು ವರ್ಷ ಮೊದಲೇ ಫಾಬಿಯೊ ಕೊಲೊನ್ನಾ ಅನ್ನೋನು ಇದನ್ನು ಹೇಳಿದ್ದ. ಆದರೆ ಸ್ಟೆನೊ ಅಲ್ಲಿಗೆ ನಿಲ್ಲಿಸಲಿಲ್ಲ. ಕಡಲಿನ ಪ್ರಾಣಿಯ ಹಲ್ಲು ಬೆಟ್ಟದ ಕಲ್ಲಿನೊಳಗೆ ಹೇಗೆ ಹೋಯಿತು ಅಂತ ಕೇಳಿಕೊಂಡ, ಹಾಗೆ ಕೇಳುತ್ತಾ ಹೋಗಿ ಕೆಳಗಿನ ಪದರ ಹಳೇದು, ಮೇಲಿನದು ಹೊಸದು ಅನ್ನೋ ನಿಯಮಕ್ಕೆ ಬಂದ. ಇವತ್ತಿಗೂ ಭೂವಿಜ್ಞಾನದ ಮೊದಲ ಪಾಠ ಅದೇ. ನಮ್ಮಲ್ಲಿ ಮನೆ ಮನೆಯ ದೇವರ ಪೀಠದಲ್ಲಿರುವ ಗಂಡಕಿ ನದಿಯ ಸಾಲಿಗ್ರಾಮವೂ ಅಮೋನೈಟ್ ಅನ್ನೋ ಕಡಲ ಜೀವಿಯ ಪಳೆಯುಳಿಕೆಯೇ. ಹಿಮಾಲಯ ಇರುವ ಜಾಗದಲ್ಲಿ ಕಡಲು ಇತ್ತು ಅನ್ನೋದಕ್ಕೆ ಸಾಕ್ಷಿಯಾಗಿ ಅದು ದಿನಾ ಅಭಿಷೇಕ ಮಾಡಿಸಿಕೊಳ್ಳುತ್ತಿದೆ. ನಮ್ಮ ಪಕ್ಕದ ಮನೆಯ ಅಜ್ಜಿಗೆ ಇದನ್ನು ಹೇಳಿದಾಗ ಅವರು ಒಂದು ಚೂರೂ ಬೇಜಾರಾಗಲಿಲ್ಲ. ಅಷ್ಟು ಹಳೇದಾ, ಅಂತ ಇನ್ನೊಂದು ಸಲ ಕೈ ಮುಗಿದರು.

ಇಲ್ಲಿ ದಡಕ್ಕೆ ಬರುವವರಿಗೆ ಒಂದೆರಡು ಮಾತು ಹೇಳಲೇಬೇಕು, ಯಾಕೆಂದರೆ ಪ್ರತಿ ಸಲ ಹೋದಾಗಲೂ ನೋಡಿ ಸಂಕಟವಾಗುತ್ತದೆ. ಗೋಡೆಯ ಬುಡಕ್ಕೆ ಹೋಗಬೇಡಿ. ಪಾರ್ಕಿನಲ್ಲಿ ಅದಕ್ಕೆ ನಿಷೇಧ ಇದೆ, ಗೋಡೆ ಅಗೆಯೋದಕ್ಕೂ ಇದೆ. ಮೇಲಿನಿಂದ ಲಾರಿಗಟ್ಟಲೆ ಮಣ್ಣು ಹೇಳದೆ ಕೇಳದೆ ಬೀಳುತ್ತದೆ. ನಾನು ಒಂದು ಸಲ ದೂರದಿಂದ ಆ ಸದ್ದು ಕೇಳಿದ್ದೇನೆ, ಸಾಕು. ಅದೂ ಅಲ್ಲದೆ ಆ ಗೋಡೆಯಲ್ಲಿ ಪ್ಯೂರಿಟನ್ ಟೈಗರ್ ಬೀಟಲ್ ಅನ್ನೋ ಅಪರೂಪದ ದುಂಬಿಯ ಮರಿಗಳು ಬಿಲ ಕೊರೆದು ಬೆಳೆಯುತ್ತವೆ. ಆ ದುಂಬಿ ಉಳಿದಿರುವ ಜಾಗಗಳೇ ಬಹಳ ಕಮ್ಮಿ. ದಡದ ಮೇಲೆ ಬಿದ್ದದ್ದನ್ನು ಹೆಕ್ಕಿ ಮನೆಗೆ ಒಯ್ಯೋಕೆ ಪಾರ್ಕಿನವರೇ ಬಿಡುತ್ತಾರೆ, ಅಷ್ಟು ಸಾಕಲ್ವಾ?

ಇನ್ನೊಂದು, ಚೀಟಿ. ಸಿಕ್ಕ ದಿನವೇ ಬರೆಯಿರಿ. ಯಾವ ದಡ, ಯಾವ ತಾರೀಕು. ಹಲ್ಲಿನ ಹೆಸರು ತಪ್ಪಾದರೂ ಪರವಾಗಿಲ್ಲ, ಆಮೇಲೆ ತಿದ್ದಬಹುದು. ನನ್ನ ಹೆಮಿಪ್ರಿಸ್ಟಿಸ್ ಎರಡು ವರ್ಷ ತಪ್ಪು ಹೆಸರಲ್ಲಿತ್ತು, ತಿದ್ದೋಕೆ ಐದು ನಿಮಿಷ ಸಾಕಾಯಿತು. ಆದರೆ ಜಾಗದ ಹೆಸರು ಮರೆತರೆ ಅದನ್ನು ಮತ್ತೆ ಯಾವ ಲೆನ್ಸೂ ತೋರಿಸೋದಿಲ್ಲ. ಹಳೇ ಸಂಗ್ರಹಗಳನ್ನು ಮಾರುವ ಕಡೆ ಡಬ್ಬಿಗಟ್ಟಲೆ ಹಲ್ಲು ನೋಡಿದ್ದೇನೆ, ಚೆಂದ ಚೆಂದದವು, ಒಂದಕ್ಕೂ ಊರಿನ ಹೆಸರಿಲ್ಲ. ಯಾರೋ ಬೆನ್ನು ಬಗ್ಗಿಸಿ ವರ್ಷಗಟ್ಟಲೆ ಹೆಕ್ಕಿದ್ದು. ನೋಡಿ ನಿಜಕ್ಕೂ ಅಳು ಬರುತ್ತದೆ.

ಭಾನುವಾರ ಹದಿನೇಳು ಹಲ್ಲು ಸಿಕ್ಕವು. ಹನ್ನೊಂದು ಮೊದಲ ಬಟ್ಟಲಿಗೆ, ಎರಡು ಟೈಗರ್, ಮೂರು ತೊರಕೆ. ಹದಿನೇಳನೆಯದು ವಾಪಸ್ ಹೊರಡುವಾಗ, ಗ್ಲೌಸ್ ಹಾಕಿಕೊಂಡ ಮೇಲೆ ಕಂಡದ್ದು. ಜಲ್ಲಿಯ ನಡುವೆ ನೆಟ್ಟಗೆ ನಿಂತಿತ್ತು, ಮುಳ್ಳಿನ ಹಾಗೆ. ಈ ಸಲ ಎತ್ತಿದ ಕೂಡಲೇ ಮಗುಚಿ ಬೇರು ನೋಡಿದೆ. ದಪ್ಪ ಉಬ್ಬು, ಮಧ್ಯ ಗೀರು.

ಜೂನಿನಲ್ಲಿ ಊರಿಗೆ ಬರುತ್ತಿದ್ದೇನೆ. ಆಗ ಮಳೆಗಾಲ, ಬೋಟು ಕಡಲಿಗೆ ಇಳಿಯೋದಿಲ್ಲ, ಬಂದರು ಖಾಲಿ ಇರುತ್ತದೆ. ಅದಕ್ಕೇ ಈಗಲೇ ಕೇಳುತ್ತಿದ್ದೇನೆ. ಗಂಗೊಳ್ಳಿ, ಮಲ್ಪೆ, ಕಾರವಾರ ಕಡೆ ಇರುವ ಯಾರಿಗಾದರೂ ಬಾಯಿ ಮುಚ್ಚಿದ್ದರೂ ಕೆಳಗಿನ ಹಲ್ಲು ಹೊರಗೆ ಚಾಚಿಕೊಂಡಿರುವ ತಾಟೆ ಕಂಡರೆ, ದಯವಿಟ್ಟು ಬಾಯಿಯ ಒಂದು ಫೋಟೊ ತೆಗೆದಿಡಿ. ನಿಮ್ಮ ಕಡೆ ಅದಕ್ಕೆ ಏನು ಹೆಸರು ಅಂತ ಮೀನು ಮಾರುವ ಹೆಂಗಸರನ್ನು ಕೇಳಿ ಬರೆದಿಡಿ. ಯಾವ ಬಂದರು, ಯಾವ ತಾರೀಕು, ಅದನ್ನೂ.